ಇಪ್ಪತ್ತಮೂರನೆಯ ಅರ್ಜಿ

ಇಪ್ಪತ್ತಮೂರನೆಯ ಅರ್ಜಿಗೆ ಬಂದು ಪ್ರೋಗ್ರಾಂ ಮತ್ತೆ ನಿಂತಿತು.

ಓಬುಳೇಶ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಬೆಳಿಗ್ಗೆ ಹಿಂದೂಪುರದಿಂದ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಬಂದದ್ದು ಇದಕ್ಕಾಗಿಯೇ. ವಧೂವರರ ಕೇಂದ್ರದ ಈ ಶಾಖೆಯಲ್ಲಿ ಮಂಗಳಗೌರಿ ತುಂಬುವ ಅರ್ಜಿಗಳು ಎಕ್ಸ್‌ಎಂಎಲ್ ಎಂಬ, ಕಂಪ್ಯೂಟರ್ ಓದಬಲ್ಲ ಪಠ್ಯವಾಗುತ್ತವೆ. ಅವನು ಬರೆದ ಪ್ರೋಗ್ರಾಂ ಆ ಪಠ್ಯವನ್ನು ಫೈಲಿಗೆ ಇಳಿಸದೆ, ಮೆಮೊರಿಯಲ್ಲೇ ಇಟ್ಟುಕೊಂಡು ಹೆಸರು, ವಯಸ್ಸು, ಜಾತಿ ಎಂದು ಬಿಡಿಸುತ್ತದೆ. ಎರಡು ವರ್ಷದಿಂದ ಅವರಿಬ್ಬರೂ ಫೋನಿನಲ್ಲಿ ಮಾತಾಡಿದ್ದು ಇದನ್ನೇ. ಮಾತು ಮುಗಿದ ಮೇಲೂ ಅವನು ಫೋನ್ ಇಡುತ್ತಿರಲಿಲ್ಲ. ಅವಳೂ ಇಡುತ್ತಿರಲಿಲ್ಲ.

ಪಠ್ಯವನ್ನು ಪರದೆಯ ಮೇಲೆ ತಂದು ಓದಿದ. ಜಾತಿ ಇರಬೇಕಾದ ಕಡೆ ಏನೂ ಇಲ್ಲ. ಹೆಸರು: ಮಂಗಳಗೌರಿ. ತಂದೆ: ಸೋಮಶೇಖರಪ್ಪ, ಕಡಲೆಕಾಯಿ ಮಂಡಿ.

ಅವಳು ಹಿಂದೆಯೇ ನಿಂತಿದ್ದಳು.

"ಮರ್ತ್‌ಬುಟ್ರಾ ಮೇಡಂ?"

"ಇಲ್ಲ ಸಾರ್. ಬೇಕಂತ್ಲೇ ಬಿಟ್ಟೆ."

"ಯಾಕೆ?"

"ಜಾತಿ ಬರುದ್ರೆ ನಮ್ಮೋರು ಮಾತ್ರ ಬತ್ತಾರೆ."

ಅವನು ಕೀಲಿಮಣೆಯ ಮೇಲೆ ಬಾಗಿದ. ತಿರುಗಿ ನೋಡಿದ್ದರೆ ಸಾಕಿತ್ತು. ಅವನ ತಂದೆ ಕಾಳಪ್ಪ ಸೋಮಶೇಖರಪ್ಪನವರ ಮಂಡಿಯಲ್ಲೇ ಮೂಟೆ ಹೊತ್ತವನು. ಅದು ಅವಳಿಗೂ ಗೊತ್ತಿತ್ತು.

ಜಾತಿ ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗು ಎಂದು ಪ್ರೋಗ್ರಾಮಿಗೆ ಹೇಳಲು ಒಂದೇ ಸಾಲು ಸಾಕು. ಬರೆದ. ಓದಿದ. ಅಳಿಸಿದ. ಆಮೇಲೆ, ಯಾರೋ ಕೈಹಿಡಿದು ಬರೆಸಿದಂತೆ, ಅವಳ ಅರ್ಜಿಯಲ್ಲಿ ಅವಳ ತಂದೆಯ ಜಾತಿಯನ್ನು ಟೈಪ್ ಮಾಡಿದ.

ಪ್ರೋಗ್ರಾಂ ಸರಾಗವಾಗಿ ಕೊನೆಯವರೆಗೆ ಓಡಿತು.

"ಅಷ್ಟೇನಾ?" ಎಂದಳು.

"ಅಷ್ಟೇ. ಇನ್ನ ನಿಲ್ಲಲ್ಲ."

ಅವಳು ಪರದೆಯನ್ನು ನೋಡುತ್ತಲೇ ಇದ್ದಳು. "ನೀವೇ ತುಂಬ್‌ಬುಟ್ರಿ."

"ಖಾಲಿ ಬಿಡಂಗಿಲ್ಲ ಮೇಡಂ."

"ಟೀ ತರುಸ್ಲಾ?"

"ಬಸ್ಸೈತೆ. ಹೋಯ್ತೀನಿ."

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಿಲ್ದಾಣದಲ್ಲಿ ಆ ಗಂಟೆಯನ್ನು ಕಳೆಯುತ್ತ, ಈಗ ಹಿಂದಿರುಗಿ ಹೋದರೆ ಏನು ಹೇಳಬಹುದೆಂದು ಹತ್ತಾರು ವಾಕ್ಯಗಳನ್ನು ಕಟ್ಟಿಕೊಂಡ. ಯಾವುದೂ ಕಾಲುಗಳವರೆಗೆ ಇಳಿಯಲಿಲ್ಲ. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತ.

ಹೊರಗಿನಿಂದ ಮುದುಕಿಯೊಬ್ಬಳು ಗಾಜು ತಟ್ಟಿ ಏನೋ ಕೇಳಿದಳು. ಗಾಜು ಸರಿಸಲು ನೋಡಿದ; ಸಿಕ್ಕಿಕೊಂಡಿತ್ತು. ಅವಳ ತುಟಿಗಳು ಇನ್ನೊಮ್ಮೆ ಆಡಿದವು. ಕನ್ನಡವೋ ತೆಲುಗೋ ತಿಳಿಯಲಿಲ್ಲ. ಅವನು ಹೌದೆಂದು ತಲೆಯಾಡಿಸಿದ.

ಮುದುಕಿಯ ಮುಖ ಅರಳಿತು. ಗಂಟನ್ನು ಕಂಕುಳಿಗೆ ಅವುಚಿಕೊಂಡು ಬಾಗಿಲ ಕಡೆ ಓಡಿದಳು. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು.