ದೋಣಿಯಲ್ಲಿ ಏನಿದೆ ಹೇಳಬಾರದು

ವೀರೇಂದ್ರ ಜರ್ಮನಿಯಿಂದ ತಂದ ಪೆಟ್ಟಿಗೆಯನ್ನು ಅವನ ಹೆಂಡತಿ ಬಸವರಾಜೇಶ್ವರಿ ಬಿಚ್ಚಿ ನೋಡಿದಳು. ಒಳಗೆ ನದಿಯ ಚಿತ್ರವಿದ್ದ ಮಡಿಸುವ ಹಲಗೆ, ಬೆರಳುದ್ದದ ಮರದ ದೋಣಿಗಳು, ನಾಲ್ಕು ಬಣ್ಣದ ಪುಟ್ಟ ಗಟ್ಟಿಗಳು ಮತ್ತು ಒಂದು ಕಟ್ಟು ಕಾರ್ಡುಗಳಿದ್ದವು.

"ಮೂರು ತಿಂಗಳು ಅಲ್ಲಿದ್ದು ಮಕ್ಕಳಾಡೋ ಸಾಮಾನು ತಂದ್ರಾ?" ಎಂದಳು.

"ಮಕ್ಕಳದ್ದಲ್ಲ ಮಾರಾಯ್ತಿ. ಅಲ್ಲಿ ದೊಡ್ಡೋರೇ ಕೂತು ಆಡ್ತಾರೆ."

ಇದು 2005ರ ಮಾತು. ವೀರೇಂದ್ರ ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ಎಂಜಿನಿಯರ್. ಹೊಸ ಯಂತ್ರವೊಂದರ ತರಬೇತಿಗೆ ಅವನನ್ನು ಜರ್ಮನಿಗೆ ಕಳಿಸಿದ್ದರು. ಅಲ್ಲಿ ಅವನಿಗೆ ಪಾಠ ಹೇಳುತ್ತಿದ್ದ ಉವೆ ಎಂಬಾತ ಪ್ರತಿ ಶುಕ್ರವಾರ ಸಂಜೆ ಅವನನ್ನು ತನ್ನ ಮನೆಗೆ ಕರೆದೊಯ್ಯುತ್ತಿದ್ದ. ಉವೆ, ಅವನ ಹೆಂಡತಿ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಮೇಜಿನ ಸುತ್ತ ಕೂತು ಇಂಥ ಆಟಗಳನ್ನು ಆಡುತ್ತಿದ್ದರು. ವೀರೇಂದ್ರನಿಗೆ ಭಾಷೆ ಬರುತ್ತಿರಲಿಲ್ಲ. ಆದರೂ ಉವೆಯ ಅತ್ತೆ ಮೋಸ ಮಾಡಿ ಸಿಕ್ಕಿಬಿದ್ದಾಗ ಎಲ್ಲರ ಜೊತೆ ಅವನಿಗೂ ನಗು ಬರುತ್ತಿತ್ತು. ಆ ಊರಿನಲ್ಲಿ ಒಂಟಿ ಅನ್ನಿಸದೆ ಇದ್ದದ್ದು ವಾರಕ್ಕೆ ಆ ಮೂರು ಗಂಟೆ ಮಾತ್ರ. ಹೊರಡುವ ದಿನ ಉವೆ ಹೊಸ ಆಟದ ಪೆಟ್ಟಿಗೆಯೊಂದನ್ನು ಕೈಗಿತ್ತು, ಇದನ್ನು ನಾವೂ ಇನ್ನೂ ಆಡಿಲ್ಲ, ನಿನ್ನ ಮನೆಯವರ ಜೊತೆ ಆಡು ಎಂದಿದ್ದ.

ಭಾನುವಾರ ಗಂಡಹೆಂಡತಿ ಪೆಟ್ಟಿಗೆಯನ್ನು ಎತ್ತಿಕೊಂಡು ಶಿವಮೊಗ್ಗದ ಆಲ್ಕೊಳಕ್ಕೆ, ವೀರೇಂದ್ರನ ಅಕ್ಕ ಜಗದಾಂಬಾಳ ಮನೆಗೆ ಹೋದರು. ಜಗದಾಂಬಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮಗಳು ಪ್ರಿಯದರ್ಶಿನಿ ಬಿಎಸ್ಸಿ ಓದುತ್ತಿದ್ದಳು. ಜಗದಾಂಬಾಳ ಗಂಡ ಹಾಲಸ್ವಾಮಿ ಎರಡು ವರ್ಷದಿಂದ ಮನೆಯಲ್ಲೇ ಇದ್ದ. ಭಾನುವಾರ ಮಧ್ಯಾಹ್ನ ತಮ್ಮನನ್ನು ಊಟಕ್ಕೆ ಕರೆಯುವುದನ್ನು ಜಗದಾಂಬಾ ಎಂದೂ ತಪ್ಪಿಸಿರಲಿಲ್ಲ. ಆದರೆ ಭಾವಮೈದುನ ಬಂದಾಗ ಹಾಲಸ್ವಾಮಿ "ಬಂದ್ಯಾ" ಎನ್ನುವುದನ್ನು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ.

ಇದಕ್ಕೆ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಹಾಲಸ್ವಾಮಿಯೂ ಅದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಅಳತೆಯ ಉಪಕರಣಗಳ ವಿಭಾಗಕ್ಕೆ ಸೂಪರ್‌ವೈಸರ್ ಆಗಿದ್ದ. 2003ರಲ್ಲಿ ಫರ್ನೇಸಿನ ನೀರಿನ ಒತ್ತಡ ತೋರಿಸುವ ಗೇಜ್ ಕೆಟ್ಟು, ಅದು ಯಾರಿಗೂ ತಿಳಿಯದೆ ಪಂಪ್ ಸುಟ್ಟುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಒಂಬತ್ತು ದಿನ ಕೆಲಸ ನಿಂತಿತು. ವರದಿ ಬರೆಯುವ ಕೆಲಸ ವೀರೇಂದ್ರನ ಪಾಲಿಗೆ ಬಂತು. ನಾಲ್ಕು ತಿಂಗಳಿಂದ ಆ ಗೇಜನ್ನು ಪರೀಕ್ಷೆ ಮಾಡಿಲ್ಲ, ರಿಜಿಸ್ಟರಿನಲ್ಲಿ ಮಾತ್ರ ಸೂಪರ್‌ವೈಸರ್ ಸಹಿ ಇದೆ ಎಂದು ಅವನು ಬರೆದ. ಮೇಲಿನವರು ನೋಟೀಸು ಕೊಡುವ ಮೊದಲೇ ಹಾಲಸ್ವಾಮಿ ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟು ಬಂದ. ಆಮೇಲೆ ಭದ್ರಾವತಿಯ ಬಸ್ಸು ಹತ್ತಲಿಲ್ಲ.

ಮೊದಲ ದಿನದ ಆಟ ಕೆಟ್ಟಿತು. ನಿಯಮದ ಪುಸ್ತಕ ಎಂಟು ಪುಟ, ಅಷ್ಟೂ ಜರ್ಮನ್. ವೀರೇಂದ್ರ ಚಿತ್ರಗಳನ್ನು ನೋಡಿ ಊಹಿಸಿ ಮುಕ್ಕಾಲು ಗಂಟೆ ವಿವರಿಸಿದ. ಅಷ್ಟರಲ್ಲಿ ಬಸವರಾಜೇಶ್ವರಿ ಎರಡು ಸಲ ಆಕಳಿಸಿದ್ದಳು, ಜಗದಾಂಬಾ ಕಾಫಿಗೆ ಎದ್ದುಹೋಗಿದ್ದಳು. ಆಡಲು ಕೂತರೆ ಹೆಜ್ಜೆಗೊಂದು ತಕರಾರು.

"ಮಾಮ, ದೋಣಿ ಹಿಂದಕ್ಕೆ ಬರಬಹುದಾ?"

"ಬರಬಹುದು ಅನ್ಸುತ್ತೆ."

"ಈಗ ತಾನೇ ನಾನು ಬಂದಾಗ ಇಲ್ಲ ಅಂದ್ರಲ್ಲ," ಎಂದು ಬಸವರಾಜೇಶ್ವರಿ ದೋಣಿಯನ್ನು ಕೆಳಗಿಟ್ಟಳು.

ಒಂದು ಗಂಟೆಯಲ್ಲಿ ಆಟ ನಿಂತಿತು. ಪೆಟ್ಟಿಗೆಯನ್ನು ಅಲ್ಲೇ ಟೀಪಾಯಿಯ ಕೆಳಗೆ ತಳ್ಳಿ ವೀರೇಂದ್ರ, ಬಸವರಾಜೇಶ್ವರಿ ಭದ್ರಾವತಿಗೆ ಹೋದರು. ಹಾಲಸ್ವಾಮಿ ಜಗುಲಿಯಲ್ಲಿ ಪೇಪರ್ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಸೋಮವಾರ ಹೆಂಡತಿ ಸ್ಕೂಲಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ಅವನು ಪೆಟ್ಟಿಗೆಯನ್ನು ಎಳೆದು ನಿಯಮದ ಪುಸ್ತಕ ತೆಗೆದ. ಕಾರ್ಖಾನೆಯ ಹಳೆಯ ಉಪಕರಣಗಳಲ್ಲಿ ಅರ್ಧದಷ್ಟು ಜರ್ಮನಿಯವೇ ಆಗಿದ್ದವು. ಒತ್ತಡ, ನೀರು, ಎಡ, ಬಲ, ಎಚ್ಚರಿಕೆ, ತೆರೆ, ಮುಚ್ಚು, ಇಂಥ ನೂರಿನ್ನೂರು ಪದ ಅವನಿಗೆ ಬರುತ್ತಿದ್ದವು. ಮೊದಲ ಪುಟದಲ್ಲಿ ಹದಿನಾಲ್ಕು ಪದ ಗುರುತು ಸಿಕ್ಕಿತು. ಸಂಜೆ ಮಗಳು ಬಂದಾಗ, "ನಿಮ್ಮ ಕಾಲೇಜ್ ಲೈಬ್ರರೀಲಿ ಜರ್ಮನ್ ಡಿಕ್ಷನರಿ ಇದ್ಯಾ ನೋಡು," ಎಂದ. ಅಪ್ಪ ತಾನಾಗಿ ಏನನ್ನಾದರೂ ಕೇಳಿ ಬಹಳ ದಿನವಾಗಿತ್ತು. ಪ್ರಿಯದರ್ಶಿನಿ ಮಾರನೆಯ ದಿನವೇ ರಟ್ಟು ಹರಿದ ಜರ್ಮನ್ ಇಂಗ್ಲಿಷ್ ನಿಘಂಟನ್ನು ತಂದುಕೊಟ್ಟಳು.

ಹತ್ತೊಂಬತ್ತು ದಿನ ಹಿಡಿಯಿತು. ಹಾಲಸ್ವಾಮಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬಲಗಡೆ ನಿಯಮ, ಎಡಗಡೆ ಉದಾಹರಣೆ ಎಂದು ಕನ್ನಡದಲ್ಲಿ ಬರೆದ. ವಾಕ್ಯ ಬಿಡಿಸಲಾಗದಿದ್ದರೆ ಊಟದ ಹೊತ್ತಿನಲ್ಲಿ ಹೆಂಡತಿಯನ್ನು ಕೇಳುತ್ತಿದ್ದ. ಅವಳಿಗೂ ಗೊತ್ತಿರುತ್ತಿರಲಿಲ್ಲ, ಆದರೆ ಲೆಕ್ಕ ಬಿಡಿಸುವವಳ ಹಾಗೆ ಇದಿರಲಾರದು, ಅದಿರಬಹುದು ಎಂದು ತರ್ಕ ಮಾಡುತ್ತಿದ್ದಳು. ಹಲಗೆಯ ಮೇಲಿನ ಹನ್ನೆರಡು ಜರ್ಮನ್ ಊರುಗಳ ಹೆಸರು ಯಾರ ನಾಲಿಗೆಗೂ ಬಾರದ್ದರಿಂದ ಪ್ರಿಯದರ್ಶಿನಿ ಚೀಟಿ ಅಂಟಿಸಿದಳು. ಎರಡು ಹೊಳೆ ಸೇರುವ ಕಡೆ ಕೂಡ್ಲಿ, ಒಂದು ದಂಡೆಗೆ ಹೊಳಲೂರು, ಇನ್ನೊಂದಕ್ಕೆ ಹೊಳೆಹೊನ್ನೂರು.

ಆಟ ಇಷ್ಟೇ. ಒಬ್ಬೊಬ್ಬರಿಗೆ ಮೂರು ದೋಣಿ. ದೋಣಿಗೆ ರಟ್ಟಿನ ಮುಚ್ಚಳ, ಅದರೊಳಗೆ ಉಪ್ಪು, ಮರ, ಧಾನ್ಯ, ಬಟ್ಟೆಯ ಗಟ್ಟಿಗಳು. ಯಾವ ಊರಿಗೆ ಏನು ಬೇಕೆಂದು ಕಾರ್ಡು ಹೇಳುತ್ತದೆ. ನಿಮ್ಮಲ್ಲಿರುವ ಸರಕಿನಿಂದ ಎಂದೂ ಪೂರ್ತಿಯಾಗುವುದಿಲ್ಲ, ಒಂದೇ ಊರಿನಲ್ಲಿ ಎದುರಾದವರ ಜೊತೆ ಅದಲುಬದಲು ಮಾಡಲೇಬೇಕು. ಏಳು ಊರಿನ ಬೇಡಿಕೆ ಮೊದಲು ಮುಗಿಸಿದವರು ಗೆದ್ದ ಹಾಗೆ. ನೋಟ್‌ಬುಕ್ಕಿನ ಹನ್ನೊಂದನೆಯ ನಿಯಮ ಹೀಗಿತ್ತು: ಆಟಗಾರನು ತನ್ನ ದೋಣಿಯಲ್ಲಿ ಏನಿದೆ ಎಂದು ಹೇಳಬಾರದು.

ಈ ನಿಯಮದಿಂದ ಆಟಕ್ಕೆ ರುಚಿ ಬಂತು. ನನಗೆ ಉಪ್ಪು ಬೇಕು ಎನ್ನಬಹುದು, ನನ್ನಲ್ಲಿ ಮರವಿದೆ ಎನ್ನುವ ಹಾಗಿಲ್ಲ. ಇಬ್ಬರೂ ಒಂದೊಂದು ಗಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಒಟ್ಟಿಗೆ ಬಿಚ್ಚಬೇಕು. ಎದುರಿನವರ ಮುಖ ನೋಡಿ ಅಂದಾಜು ಮಾಡುವುದೊಂದೇ ದಾರಿ. ಬಸವರಾಜೇಶ್ವರಿ ಈಗ ಆಕಳಿಸುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆಯೇ "ಬೇಗ ಹೊರಡಿ, ಹನ್ನೊಂದರ ಬಸ್ ತಪ್ಪುತ್ತೆ," ಎಂದು ಗಂಡನನ್ನು ಅವಸರಿಸುತ್ತಿದ್ದಳು. ಮಂಡಕ್ಕಿ ತಿಂದ ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಿದ್ದಕ್ಕೆ ಜಗದಾಂಬಾ ತಮ್ಮನನ್ನು ಬೈದು, ಆಟ ಮುಗಿಯುವ ತನಕ ಮೇಜಿನ ಮೇಲೆ ತಿಂಡಿ ಬೇಡವೆಂದು ಕಟ್ಟಳೆ ಮಾಡಿದಳು.

ಹಾಲಸ್ವಾಮಿ ಮಾತ್ರ ಆಡುತ್ತಿರಲಿಲ್ಲ. ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತು ತಕರಾರು ಬಂದಾಗ ಓದಿ ಹೇಳುತ್ತಿದ್ದ. ಮರುವರ್ಷ ಮಾರ್ಚಿನಲ್ಲಿ ಪ್ರಿಯದರ್ಶಿನಿ ಪರೀಕ್ಷೆಗೆ ಓದಬೇಕೆಂದು ಎದ್ದಾಗ ಒಂದು ಜಾಗ ಖಾಲಿಯಾಯಿತು.

"ಮೂರು ಜನಕ್ಕೆ ಸರಿ ಬರಲ್ಲ," ಎಂದಳು ಜಗದಾಂಬಾ. "ರೀ, ನೀವು ಕೂತ್ಕೊಳ್ಳಿ."

ಅವನು ಕೂತ. ಎರಡನೆಯ ಸುತ್ತಿನಲ್ಲೇ ಅವನ ದೋಣಿಯೂ ವೀರೇಂದ್ರನ ದೋಣಿಯೂ ಹೊಳಲೂರಿನಲ್ಲಿ ಎದುರಾದವು. ಇಬ್ಬರೂ ಮುಷ್ಟಿ ಮುಂದೆ ಚಾಚಿದರು.

"ಬಟ್ಟೆ ಬೇಕಿತ್ತು ಭಾವ," ಎಂದ ವೀರೇಂದ್ರ.

ಹಾಲಸ್ವಾಮಿ ಅವನ ಮುಖವನ್ನೇ ನೋಡಿದ. ನೋಡದೆ ಆಡಲು ಬರುವಂತಿರಲಿಲ್ಲ. "ನಂಗೆ ಉಪ್ಪು," ಎಂದ. ಮುಷ್ಟಿ ಬಿಚ್ಚಿದರೆ ಬಟ್ಟೆಯೂ ಉಪ್ಪೂ ಇದ್ದವು. ಬಸವರಾಜೇಶ್ವರಿ "ಇಬ್ಬರೂ ಮೊದಲೇ ಮಾತಾಡ್ಕೊಂಡಿದ್ದೀರಾ?" ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಟ ಮುಂದುವರಿಯಿತು. ಅಂದಿನಿಂದ ಹಾಲಸ್ವಾಮಿ ಪ್ರತಿ ಭಾನುವಾರ ಆಡಿದ. ಮೇಜಿನ ಮುಂದೆ ಇದ್ದಷ್ಟು ಹೊತ್ತು ವೀರೇಂದ್ರನ ಜೊತೆ ಮಾತು, ಎದ್ದ ಮೇಲೆ ಮೊದಲಿನಂತೆಯೇ.

2006ರ ನವೆಂಬರಿನಲ್ಲಿ ಹೊಸ ಯಂತ್ರ ಜೋಡಿಸಲು ಉವೆ ಭದ್ರಾವತಿಗೆ ಬಂದ. ವೀರೇಂದ್ರ ಅವನನ್ನು ಒಂದು ಭಾನುವಾರ ಆಲ್ಕೊಳಕ್ಕೆ ಕರೆತಂದ. ಉವೆ ಅಕ್ಕಿ ರೊಟ್ಟಿ ತಿಂದು, ಕನ್ನಡ ಚೀಟಿ ಅಂಟಿಸಿದ ಹಲಗೆಯನ್ನು ಕಂಡು ಜೋರಾಗಿ ನಕ್ಕ. ನೋಟ್‌ಬುಕ್ಕನ್ನು ತಿರುವಿ ಹಾಕಿ, ಒಬ್ಬರೇ ಇಷ್ಟೆಲ್ಲ ಬರೆದಿರಾ ಎಂದು ಇಂಗ್ಲಿಷಿನಲ್ಲಿ ಎರಡು ಸಲ ಕೇಳಿದ. ಆಡಲು ಕೂತ. ಸ್ವಲ್ಪ ಹೊತ್ತಿಗೆ, ನನ್ನಲ್ಲಿ ಎರಡು ಉಪ್ಪಿದೆ, ಯಾರಿಗೆ ಬೇಕು ಎಂದ.

"ಹಾಗೆ ಹೇಳಬಾರದು," ಎಂದು ಹಾಲಸ್ವಾಮಿ ತಡೆದು ಹನ್ನೊಂದನೆಯ ನಿಯಮವನ್ನು ಇಂಗ್ಲಿಷಿನಲ್ಲಿ ತಿಳಿಸಿದ.

ಉವೆ ಜರ್ಮನ್ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ 'ಮುಸ್ ನಿಖ್ಟ್' ಅಂತ ಇದೆ. ಹೇಳಬಾರದು ಅಂತ ಅಲ್ಲ, ಹೇಳಬೇಕಾಗಿಲ್ಲ ಅಂತ. ಇಷ್ಟವಿದ್ದರೆ ಹೇಳಬಹುದು, ಸುಳ್ಳನ್ನೂ ಹೇಳಬಹುದು. ಇಂಗ್ಲಿಷ್ ಬಲ್ಲವರೆಲ್ಲ ಇದನ್ನು 'ಮಸ್ಟ್ ನಾಟ್' ಅಂದುಕೊಂಡು ಎಡವುತ್ತಾರೆ." ತಪ್ಪು ಹಿಡಿದೆನೆಂಬ ಧ್ವನಿಯಲ್ಲಿ ಅವನು ಹೇಳಲಿಲ್ಲ. ನಿಮ್ಮ ಆಟವೇ ಚೆನ್ನಾಗಿದೆ, ಇದನ್ನೇ ಆಡೋಣ ಎಂದೂ ಸೇರಿಸಿದ.

ಆದರೆ ಹಾಲಸ್ವಾಮಿಯ ಮುಖ ಕಪ್ಪಿಟ್ಟಿತು. ಆಟ ಮುಗಿಯುವ ತನಕ ನೋಟ್‌ಬುಕ್ಕನ್ನು ಮತ್ತೆ ತೆರೆಯಲಿಲ್ಲ. ಅತಿಥಿಯನ್ನು ಗೇಟಿನವರೆಗೆ ಕಳಿಸಿ ಬಂದು ಒಳಗೆ ಹೋಗಿ ಮಲಗಿಬಿಟ್ಟ. ಜಗದಾಂಬಾ ಹಿಂದೆಯೇ ಹೋದಳು.

"ಆಟ ತಾನೇ. ಇಷ್ಟಕ್ಕೆ ಯಾರಾದ್ರೂ ಹೀಗೆ ಮಾಡ್ತಾರಾ?"

"ಒಂದೂವರೆ ವರ್ಷ ಎಲ್ರಿಗೂ ತಪ್ಪು ಓದಿ ಹೇಳಿದೀನಿ. ಆ ಪದಾನ ಡಿಕ್ಷನರೀಲಿ ನೋಡ್ಲೇ ಇಲ್ಲ ನಾನು. ಇಂಗ್ಲಿಷ್ ಥರಾನೇ ಇದೆ, ಗೊತ್ತಿದೆ ಅಂತ ಬಿಟ್ಟೆ."

"ಆಯ್ತು, ಈಗ ಗೊತ್ತಾಯ್ತಲ್ಲ."

"ಅದೊಂದೇ ಅಲ್ಲ ಜಗದಾ," ಎಂದು ಅವನು ಗೋಡೆಯ ಕಡೆ ತಿರುಗಿದ.

ಆ ವಾರವೆಲ್ಲ ಅವನು ನಿಘಂಟನ್ನು ಮತ್ತೆ ತರಿಸಿ ನೋಟ್‌ಬುಕ್ಕನ್ನು ಮೊದಲಿನಿಂದ ತಾಳೆ ನೋಡಿದ. ಗೊತ್ತಿದೆ ಎಂದುಕೊಂಡ ಪದಗಳನ್ನೂ ಬಿಡಲಿಲ್ಲ. ಇನ್ನೂ ಎರಡು ಸಣ್ಣ ತಪ್ಪು ಸಿಕ್ಕವು. ಮುಂದಿನ ಭಾನುವಾರ ವೀರೇಂದ್ರ ಬರುವಾಗ ಅವನು ಗೇಟಿನ ಹತ್ತಿರವೇ ನಿಂತಿದ್ದ. ಬಸವರಾಜೇಶ್ವರಿಯನ್ನು ಒಳಗೆ ಹೋಗಲು ಬಿಟ್ಟು, "ಒಂದು ನಿಮಿಷ ನಿಲ್ಲು," ಎಂದ.

ವೀರೇಂದ್ರ ನಿಂತ.

"ಆ ರಿಪೋರ್ಟಲ್ಲಿ ನೀನು ಬರೆದಿದ್ದು ಸುಳ್ಳಲ್ಲ. ಗೇಜ್ ನೋಡ್ದೆ ಸಹಿ ಹಾಕಿದ್ದು ನಾನೇ. ಒಂದು ಸಲ ಅಲ್ಲ, ನಾಲ್ಕು ಸಲ. ಇಷ್ಟು ವರ್ಷದಿಂದ ಅದು ಕೆಟ್ಟಿಲ್ಲ, ಈಗ್ಯಾಕೆ ಕೆಡುತ್ತೆ ಅಂತ. ಮನೇಲಿ ಯಾರಿಗೂ ಹೇಳಿಲ್ಲ. ನೀನು ಬೇಕಂತ ಬರೆದೆ ಅನ್ನೋ ಹಾಗೆ ಇದ್ದುಬಿಟ್ಟೆ."

ವೀರೇಂದ್ರ ಚಪ್ಪಲಿಯ ತುದಿಯಿಂದ ಕಲ್ಲೊಂದನ್ನು ಸರಿಸಿದ.

"ಬರೆದಿದ್ದು ನಿಜಾನೇ ಭಾವ. ಆದ್ರೆ ಬರೆಯೋ ಮುಂಚೆ ನಿಮ್ಮ ಹತ್ರ ಬಂದು ಹೇಳ್ಬೇಕಿತ್ತು. ಹೆದರಿಕೆ ಆಯ್ತು. ಮೇಲಿನೋರು ಭಾವ ಅಂತ ಬಿಟ್ಟ ಅಂದುಕೊಳ್ತಾರೆ ಅಂತ ನಾಲ್ಕು ಸಾಲು ಜಾಸ್ತಿನೇ ಬರೆದೆ. ಅದು ಬೇಕಾಗಿರ್ಲಿಲ್ಲ."

"ನಾಲ್ಕು ಸಾಲು ಯಾವ್ದು ಅಂತ ನಂಗೂ ಗೊತ್ತು," ಎಂದ ಹಾಲಸ್ವಾಮಿ. ಗೇಟು ಮುಚ್ಚಿ, "ನಡಿ ಒಳಗೆ. ಹನ್ನೊಂದನೇ ನಿಯಮ ತಿದ್ದಿದೀನಿ," ಎಂದ.

ಅಂದು ಸರಿಯಾದ ನಿಯಮದಂತೆ ಆಡಿದರು. ಬಸವರಾಜೇಶ್ವರಿ ಎಲ್ಲರಿಗೂ ಬಾಯಿತುಂಬ ಸುಳ್ಳು ಹೇಳಿ ಗೆದ್ದಳು. ಜಗದಾಂಬಾಳಿಗೆ ಇದು ಹಿಡಿಸಲಿಲ್ಲ, ಮುಷ್ಟಿಯ ಆಟವೇ ಮೇಲು ಎಂದು ವಾದಿಸಿದಳು. ಕೊನೆಗೆ ಒಂದು ವಾರ ಅದು, ಒಂದು ವಾರ ಇದು ಎಂದಾಯಿತು.

"ಯಾವಾಗ್ಲೂ ಅಕ್ಕನ ಮನೇಲೇ ಊಟ. ಬರೋ ವಾರ ನಮ್ಮನೇಗೆ ಬನ್ನಿ," ಎಂದಳು ಬಸವರಾಜೇಶ್ವರಿ ಹೊರಡುವಾಗ. ಹಾಲಸ್ವಾಮಿ ಆ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆಟದ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೆಂಡತಿಗಿಂತ ಮೊದಲು ಜಗುಲಿಯಲ್ಲಿ ಕೂತಿದ್ದ.

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅವನನ್ನು ಕಂಡವರು ಇಬ್ಬರು ಮೂವರು ಮಾತಾಡಿಸಿದರು. ಅವನ ಕೈಕೆಳಗೆ ಹದಿನೈದು ವರ್ಷ ಕೆಲಸ ಮಾಡಿದ್ದ ಭೂತಪ್ಪ ಸುದ್ದಿ ಕೇಳಿ ವೀರೇಂದ್ರನ ಮನೆಗೇ ಬಂದ. ಬಾಗಿಲಲ್ಲಿ ನಿಂತು, "ಮೂರು ವರ್ಷ ಆಯ್ತಲ್ಲ ಸಾರ್," ಎಂದ.

"ಮೂರೂವರೆ," ಎಂದ ಹಾಲಸ್ವಾಮಿ. "ಬಾ, ಕೂತ್ಕೊ. ರಾಜೇಶ್ವರಿ ಅಡಿಗೆ ಮನೇಲಿದಾಳೆ, ಒಬ್ಬರು ಕಡಿಮೆ ಇದೀವಿ."

ಭೂತಪ್ಪ ಸಂಕೋಚದಿಂದ ಕುರ್ಚಿಯ ತುದಿಗೆ ಕೂತ. ಹಾಲಸ್ವಾಮಿ ಹಲಗೆ ಬಿಡಿಸಿ, ನೋಟ್‌ಬುಕ್ ತೆರೆದು, ಮೊದಲ ನಿಯಮದಿಂದ ಶುರು ಮಾಡಿದ. ಒಂದನ್ನೂ ಬಿಡಲಿಲ್ಲ. ಆರನೆಯದಕ್ಕೆ ಬರುವಷ್ಟರಲ್ಲಿ ಭೂತಪ್ಪ ಜಗದಾಂಬಾಳ ಕಡೆ ನೋಡಿ, "ಅಮ್ಮಾ, ಮೊದಲು ಒಂದು ಕಾಫಿ ಸಿಗುತ್ತಾ?" ಎಂದು ಕೇಳಿದ.

"ಕಾಫಿ ಬರುತ್ತೆ," ಎಂದು ಹಾಲಸ್ವಾಮಿ ಪುಟ ತಿರುವಿದ. "ಏಳನೇದು ಕೇಳು."