ಬೋರವಾಡಿಯ ಇತಿಹಾಸ ಬರೆದ ಪಾಹುಣೆ

ಶಿವಪುತ್ರಪ್ಪ ಹೂಲಿಯವರಿಗೆ ಬೋರವಾಡಿಯಲ್ಲಿ ಇದ್ದ ದುಃಖ ಒಂದೇ. ಆ ಊರಲ್ಲಿ ಅವರನ್ನು ಯಾರೂ ಬೈಯುತ್ತಿರಲಿಲ್ಲ.

ಪುಣೆಯಿಂದ ಧನಕವಡಿ ದಾಟಿ, ಕಾತ್ರಜ ಘಾಟು ಏರುವ ಮೊದಲು ಪಕ್ಕಕ್ಕೆ ಹೊರಳಿದರೆ ಬೋರವಾಡಿ. ಧಾರವಾಡದ ಕಡೆಯಿಂದ ಬಂದು ಪುಣೆಯ ಭವಾನಿ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಶಿವಪುತ್ರಪ್ಪನವರು, ಜರ್ಮನಿಯ ಯುದ್ಧ ಇನ್ನೂ ಸುರುವಾಗದಿದ್ದಾಗ, ಹೆಂಡತಿ ಪಾರವ್ವನನ್ನು ಕರೆದುಕೊಂಡು ಬಂದು ಇಲ್ಲಿ ಕಿರಾಣಿ ಅಂಗಡಿ ಹಾಕಿದರು. ಈಗ ೧೯೩೫ನೆಯ ಇಸವಿ. ಮೀಸೆ ಬೆಳ್ಳಗಾಯಿತು, ಮಗಳ ಮದುವೆಯಾಯಿತು. ಆದರೂ ಊರವರ ಬಾಯಲ್ಲಿ ಅವರು ಇನ್ನೂ ‘ಪಾಹುಣೆ’. ಮರಾಠಿಯಲ್ಲಿ ಪಾಹುಣೆ ಎಂದರೆ ಅತಿಥಿ, ನಾಲ್ಕು ದಿನ ಇದ್ದು ಹೋಗುವವನು.

ಬೈಗುಳ ಬೋರವಾಡಿಯಲ್ಲಿ ರೊಟ್ಟಿ ತಿಂದಷ್ಟು ಸಹಜ. ಪಾಟೀಲ ರಾವಜಿ ಬೆಳಿಗ್ಗೆ ಚಾವಡಿಗೆ ಬಂದನೆಂದರೆ, ಎದುರು ಸಿಕ್ಕವನನ್ನು ಅಜ್ಜನಿಂದ ಹಿಡಿದು ಎತ್ತಿನವರೆಗೆ ಬೈದ ಮೇಲೆಯೇ ಎಲೆಯಡಿಕೆ ಬಾಯಿಗೆ ಹಾಕುತ್ತಿದ್ದ. ಬೈಸಿಕೊಂಡವನು ಹಲ್ಲು ಕಿರಿದು ಅವನ ಪಕ್ಕದಲ್ಲೇ ಕೂತು ಅವನ ಎಲೆಯನ್ನೇ ಹಾಕಿಕೊಳ್ಳುತ್ತಿದ್ದ. ಶಿವಪುತ್ರಪ್ಪನವರು ಕಂಡರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಕಂಬಳಿ ಹಾಸಿ ಕೂಡಿಸಿ, ಸೆಕೆ ಭಾಳ ಅಲ್ಲವೇ ಎಂದು ಕೇಳಿ, ಅವರು ಎದ್ದು ಹೋಗುವುದನ್ನೇ ಕಾಯುವರು. ಒಮ್ಮೆ ಅವರ ಎಮ್ಮೆ ಹಗ್ಗ ಹರಿದುಕೊಂಡು ಪಾಟೀಲನ ಜೋಳಕ್ಕೆ ನುಗ್ಗಿತು. ಪಾಟೀಲ ತಾನೇ ಎಮ್ಮೆಯನ್ನು ಹೊಡೆದುಕೊಂಡು ಬಂದು, "ತಿನ್ನಲಿ ಬಿಡ್ರಿ, ಪಾಹುಣೇರ ಎಮ್ಮಿ" ಎಂದು ನಕ್ಕು ಹೋದ. ಶಿವಪುತ್ರಪ್ಪನವರು ಆ ದಿನ ಊಟದ ತಾಟನ್ನು ಪಕ್ಕಕ್ಕೆ ಸರಿಸಿ ಎದ್ದರು.

"ಬೈಸಿಕೊಳ್ಳಾಕ ಹಂಬಲಸೋ ಗಂಡಸನ್ನ ನಾ ಎಲ್ಲೂ ಕಂಡಿಲ್ಲರಿ" ಎಂದಳು ಪಾರವ್ವ. "ಬೇಕಂದ್ರ ನಾನ ಬೈತೀನಿ, ಕೂಡ್ರಿ."

"ನೀ ಬೈದ್ರ ಏನ್ ಬಂತು? ಅದು ದಿನಾ ಅದ."

ಆ ವರ್ಷ ತಾಲೂಕಿನಿಂದ ಪ್ರತಿ ಶಾಲೆಗೂ ಒಂದು ಹುಕುಂ ಬಂತು. ತಮ್ಮ ಊರಿನ ಮತ್ತು ಸುತ್ತಮುತ್ತಲಿನ ಇತಿಹಾಸ ಬರೆದು ಕಳಿಸಬೇಕು, ಮಕ್ಕಳಿಗೆ ಪಾಠ ಮಾಡಬೇಕು. ಶಾಲೆಯ ಪ್ರಲ್ಹಾದ ಮಾಸ್ತರರು ಬರೆಯುವುದೆಂದರೆ ಮೈಗಳ್ಳರು. "ಅಕ್ಷರ ನಿಮ್ಮವು ದುಂಡಗ ಅದಾವು, ನೀವ ಬರೀರಿ" ಎಂದು ಕೆಲಸವನ್ನು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಇಳಿಸಿ ಹೋದರು. ಶಿವಪುತ್ರಪ್ಪನವರ ಎದೆ ಹಿಗ್ಗಿತು. ಒಂದು ಊರಿನ ಇತಿಹಾಸ ಬರೆದವನನ್ನು ಆ ಊರು ಅತಿಥಿ ಎನ್ನಲು ಸಾಧ್ಯವೇ?

ಮೊದಲು ಗಂಡಸರನ್ನು ಕೇಳಿದರು. ಪ್ರತಿಯೊಬ್ಬನ ಮುತ್ತಜ್ಜನೂ ಸಿಂಹಗಡದ ಮೇಲೆ ಏಕಾಂಗಿಯಾಗಿ ಕಾದಾಡಿದವನೇ. ಆ ಮುತ್ತಜ್ಜಂದಿರನ್ನೆಲ್ಲ ಕೂಡಿಸಿದರೆ ಗಡದ ಮೇಲೆ ಶತ್ರುವಿಗೆ ಕಾಲಿಡಲೂ ಜಾಗ ಉಳಿಯುತ್ತಿರಲಿಲ್ಲ. ಶಿವಪುತ್ರಪ್ಪನವರಿಗೆ ಇದು ರುಚಿಸಲಿಲ್ಲ. ಅವರ ಕಡೆ ಮನೆತನದ ಮಾನವೆಂದರೆ ಮೂಲ ಊರು. ಧಾರವಾಡ, ಬೆಳಗಾವಿ ಕಡೆ ಯಾರ ಕಟ್ಟೆ ಏರಿದರೂ ಮೊದಲು ಕೇಳುವುದು, ನಿಮ್ಮ ಮೂಲ ಯಾವೂರು? ಅವರ ಅಜ್ಜನೂ ಹೂಲಿ ಎಂಬ ಊರನ್ನು ಕಣ್ಣಾರೆ ಕಂಡವನಲ್ಲ. ಆದರೂ ಅಡ್ಡಹೆಸರು ಹೂಲಿ. ಹೀಗಾಗಿ, ಯಾವ ಮನೆ ಎಲ್ಲಿಂದ ಬಂತು ಎಂದು ಬರೆದುಕೊಟ್ಟರೆ ಊರು ತಮ್ಮನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತದೆ ಎಂದುಕೊಂಡರು.

ಇದಕ್ಕೆ ಹೆಂಗಸರೇ ಸರಿ. ಅವರೆಲ್ಲ ಬೇರೆ ಊರುಗಳಿಂದ ಮದುವೆಯಾಗಿ ಬಂದವರು, ಗಂಡನ ಮನೆಯ ಬೇರು ಅಗೆಯಲು ಅವರಿಗೆ ಎಲ್ಲಿಲ್ಲದ ಉತ್ಸಾಹ. ಪಾಟೀಲನ ತಾಯಿ ರಂಗೂಬಾಯಿ ಬೆಲ್ಲ ಕೊಳ್ಳಲು ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ನಕ್ಕು ನಕ್ಕು ಎಲ್ಲವನ್ನೂ ಹೇಳಿದಳು.

ಯುಗಾದಿಯ ಪಾಡವಾ ಹಬ್ಬದ ಸಂಜೆ ಮಾರುತಿ ಗುಡಿಯ ಅಂಗಳದಲ್ಲಿ ಊರು ನೆರೆಯಿತು. ಶಿವಪುತ್ರಪ್ಪನವರು ಹೊಸ ರುಮಾಲು ಸುತ್ತಿ, ಕಂಬಳಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಓದಿದರು. ಮಾತೂ ಓದೂ ಎಲ್ಲ ಮರಾಠಿಯೇ. ಅವರ ಮರಾಠಿಯಲ್ಲಿ ಧಾರವಾಡ ಮಾತ್ರ ಅಲ್ಲಲ್ಲಿ ಇಣುಕುತ್ತಿತ್ತು.

"ಬೋರವಾಡಿಯ ಮೊದಲ ಮನೆ ಪಾಟೀಲರದು. ಅವರ ಮೂಲಪುರುಷ ಘಾಟಿನ ಆಚೆಯವನು. ಹೇರೆತ್ತುಗಳ ತಾಂಡಾದ ಜೊತೆ ಹೋಗುತ್ತ ಇಲ್ಲಿ ಬೋರೆಹಣ್ಣು ಅತಿಯಾಗಿ ತಿಂದು ಹೊಟ್ಟೆ ಕೆಡಿಸಿಕೊಂಡನು. ತಾಂಡಾ ಮುಂದೆ ಹೋಯಿತು. ಅವನು ಗಿಡದ ಮರೆಯಲ್ಲೇ ಉಳಿದನು. ಹೀಗೆ ಊರು ಹುಟ್ಟಿತು."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ಪುಟದಲ್ಲಿ ನಕ್ಕವರ ಮನೆಗಳಿದ್ದವು. ಒಬ್ಬನದು ಸಾಸವಡದ ಕಡೆಯದು, ಒಬ್ಬನ ಅಜ್ಜ ಮನೆಯಳಿಯನಾಗಿ ಬಂದವನು, ಇನ್ನೊಬ್ಬನ ಮುತ್ತಜ್ಜ ದಾರಿ ತಪ್ಪಿ ಬಂದವನು.

ಇಲ್ಲಿ ಒಂದು ಮಾತು ಹೇಳಬೇಕು. ಬೋರವಾಡಿಯಲ್ಲಿ ಊರು ಹುಟ್ಟಿದಾಗಿನಿಂದ ಇದ್ದವನು ಮಿರಾಸದಾರ, ಹೊರಗಿನಿಂದ ಬಂದವನು ಉಪರಿ. ಹೋಳಿಯ ಮೊದಲ ನೈವೇದ್ಯ ಯಾರದು, ಎತ್ತುಗಳ ಮೆರವಣಿಗೆಯಲ್ಲಿ ಯಾರ ಜೋಡಿ ಮುಂದು, ಎಲ್ಲವೂ ಇದರ ಮೇಲೆಯೇ. ಊರಲ್ಲಿ ಪ್ರತಿಯೊಬ್ಬನೂ ತಾನು ಮಿರಾಸದಾರ ಎನ್ನುವವನೇ. ಉಪರಿ ಎಂದರೆ ಯಾವಾಗಲೂ ಎದುರು ಮನೆಯವನು. ಈ ಮಾತಿಗೆ ತಲೆಗಳು ಒಡೆದದ್ದೂ ಉಂಟು. ಇದರ ಬಿಸಿ ಶಿವಪುತ್ರಪ್ಪನವರಿಗೆ ತಾಗಿರಲೇ ಇಲ್ಲ, ಯಾಕೆಂದರೆ ಪಾಹುಣೆಯ ಮುಂದೆ ಮನೆಯ ಜಗಳ ಯಾರು ಆಡುತ್ತಾರೆ?

"ಈ ಸುಳ್ಳೆಲ್ಲ ನಿಮಗ ಯಾರು ಹೇಳಿದ್ರು?" ಎಂದು ಪಾಟೀಲ ಎದ್ದು ನಿಂತ.

"ನಾ ಹೇಳೀನಿ" ಎಂದಳು ರಂಗೂಬಾಯಿ ಹೆಂಗಸರ ನಡುವಿನಿಂದ. "ಸುಳ್ಳು ಎಲ್ಲಿ ಅದ? ನಿಮ್ಮಪ್ಪಗೂ ಬೋರೆಹಣ್ಣು ಆಗ್ತಿರ್ಲಿಲ್ಲ."

ತಾಯಿಯನ್ನು ಏನು ಮಾಡಲಾದೀತು? ಪಾಟೀಲನ ಸಿಟ್ಟು ಬರೆದವನ ಕಡೆ ಹರಿಯಿತು. ಪ್ರಲ್ಹಾದ ಮಾಸ್ತರರು ಕಾಗದಗಳನ್ನು ಮೆಲ್ಲಗೆ ತಮ್ಮ ತೊಡೆಯ ಕೆಳಗೆ ಸರಿಸಿಕೊಂಡರು. ತಾಲೂಕಿಗೆ ಅವರು ಕಡೆಗೆ ಕಳಿಸಿದ್ದು ಎರಡೇ ಸಾಲು: ಊರು ಬಹಳ ಹಳೆಯದು, ಜನ ಶಾಂತ ಸ್ವಭಾವದವರು.

"ಊರ ಮಾನ ತೆಗೆದಾನ! ಬೀಸುಕಲ್ಲು ಹೊರಸ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಅದು ಊರಿನ ಹಳೆಯ ಶಿಕ್ಷೆ. ಕಲ್ಲನ್ನು ತಲೆಯ ಮೇಲೆ ಹೊತ್ತು, ಎಲ್ಲರ ಎದುರು ಮಾರುತಿ ಗುಡಿಯನ್ನು ಸುತ್ತಬೇಕು.

"ಪಾಹುಣೇರಿಗೆ ಹೆಂಗ ಹೊರಸೂದು?" ಎಂದು ಪಾಟೀಲ ಹಲ್ಲು ಕಡಿದ. "ಊರವನಾಗಿದ್ರ ಇಷ್ಟೊತ್ತಿಗೆ ಚರ್ಮಾ ಸುಲೀತಿದ್ದೆ. ಅತಿಥಿ ಮೈ ಮುಟ್ಟಿದ್ರ ನಾಳೆ ಸುತ್ತಿನ ಹಳ್ಳಿಯವರು ಉಗುಳ್ತಾರ."

"ಪಾಟೀಲ್ರ, ನಾ ಹೊರ್ತೀನಿ, ಕಲ್ಲು ತರಸ್ರಿ" ಎಂದರು ಶಿವಪುತ್ರಪ್ಪ.

"ನೀವು ಸುಮ್ನ ಕೂಡ್ರಿ ಪಾಹುಣೆ! ಇದು ಊರಿನವರ ಮಾತು."

ಶಿವಪುತ್ರಪ್ಪನವರಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ತಾವು ಇಷ್ಟು ದೊಡ್ಡ ತಪ್ಪು ಮಾಡಿದರೂ ಈ ಊರು ತಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಲ್ಲ!

ರಂಗೂಬಾಯಿಗೆ ಕನಿಕರ ಬಂತು. "ಬಿಡೋ ರಾವಜಿ. ಇವತ್ತಲ್ಲ ನಾಳೆ ತಮ್ಮೂರಿಗೆ ಹೋಗೋ ಮಂದಿ" ಎಂದಳು.

ಅಷ್ಟೇ ಸಾಕಾಯಿತು. ಪಾರವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಎಲ್ಲಿಗೆ ಹೋಗೋ ಮಂದಿ? ಹೋದ ವಾರ ಬಾವಿ ಕಟ್ಟೀ ಮ್ಯಾಲ ನನ್ನ ಕೊಡಾ ಒಡದೆಲ್ಲ, ಆಗ ನಾ ಪಾಹುಣಿ ಆಗಿದ್ದಿಲ್ಲೇನ? ನನ್ನ ಹೆರಿಗೀಗೆ ನೀನ ಬಂದಿದ್ದಿ, ಮರತಿಯೇನ? ಆ ಜ್ವರದ ವರ್ಷ ನನ್ನ ಗಂಡು ಕೂಸನ್ನ ಹಳ್ಳದ ದಂಡೀಗೆ ಮಣ್ಣು ಮಾಡಿದಾಗ ಗುದ್ಲಿ ಹಿಡದಿದ್ದಾಂವ ನಿನ್ನ ಈ ಮಗ. ಅದನ್ನ ಇಲ್ಲೇ ಬಿಟ್ಟು ಯಾವೂರಿಗೆ ಹೋಗ್ಲಿ ನಾನು? ಹೇಳು!"

ರಂಗೂಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಾಟೀಲ ತಲೆ ತಗ್ಗಿಸಿದ. ಆ ಗುದ್ದಲಿ ಅವನಿಗೆ ಚೆನ್ನಾಗಿ ನೆನಪಿತ್ತು. ಆಮೇಲೆ ನಿಧಾನವಾಗಿ ಮುಖವೆತ್ತಿದ, ಹುಬ್ಬು ಗಂಟಿಕ್ಕಿದ, ಗುಡಿಯ ಗಂಟೆ ನಡುಗುವಂತೆ ಕೂಗಿದ.

"ಏ ಶಿವ್ಯಾ! ಏಳೋ ಕಂಬಳೀ ಬಿಟ್ಟು, ಎಮ್ಮೀ ಮಗನ! ನನ್ನ ಮುತ್ಯಾನ ಹೊಟ್ಟೀ ಸುದ್ದಿ ಊರ ಮುಂದ ಓದ್ತಿಯೇನಲೇ? ತರ್ರೋ ಕಲ್ಲು!"

"ಅಯ್ಯ, ನಾ ಕಲ್ಲು ಹೊರಸ್ರಿ ಅಂತ ಅಂದಿಲ್ಲಲ್ಲೋ ಎಪ್ಪಾ!" ಎಂದು ಪಾರವ್ವ ಬಾಯಿ ಬಡಿದುಕೊಂಡಳು. ಆಗಲೇ ತಡವಾಗಿತ್ತು. ಅವಳ ಗಂಡ ರುಮಾಲನ್ನು ಸಿಂಬಿ ಮಾಡಿ ತಲೆಗಿಟ್ಟುಕೊಂಡು, ಮದುವಣಿಗನ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿ ನಿಂತಿದ್ದರು.

ಕಲ್ಲು ಏರಿತು. ಸುತ್ತು ಸುರುವಾಯಿತು. ಸಂಕೋಚ ಬಿಟ್ಟ ಊರು, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಹೊರಗೆ ಹಾಕಿತು. ಅವರ ಬೆಲ್ಲದಲ್ಲಿ ಮಣ್ಣು, ಎಮ್ಮೆ ಕಳ್ಳಿ, ಮರಾಠಿ ಕತ್ತೆಗೂ ತಿಳಿಯದ್ದು, ರುಮಾಲು ಕೆಟ್ಟದ್ದು. ಶಿವಪುತ್ರಪ್ಪನವರ ಕಣ್ಣಿಂದ ನೀರು ಧಾರಾಕಾರ ಹರಿಯುತ್ತಿತ್ತು.

"ಭಾಳ ಭಾರ ಆತೇನ್ರಿ?" ಎಂದು ಪಾರವ್ವ ಪಕ್ಕದಲ್ಲೇ ಓಡುತ್ತ ಕೇಳಿದಳು.

"ಕೇಳಿದೇನ ಪಾರೂ, ಶಿವ್ಯಾ ಅಂದ!" ಎಂದರು ಅವರು.

ಅದೇ ಹೊತ್ತಿಗೆ ಪಕ್ಕದ ಹಳ್ಳಿಯವನೊಬ್ಬ ಗಾಡಿ ಹೊಡೆದುಕೊಂಡು ಗುಡಿಯ ಮುಂದೆ ಬಂದ. ಕಲ್ಲು ಹೊತ್ತ ಮುದುಕನನ್ನು ಕಂಡು ಎತ್ತು ನಿಲ್ಲಿಸಿ, "ಯಾರ್ರೀ ಈ ಹುಚ್ಚ? ಆ ಕಾನಡಿ ಅಂಗಡಿಯಾಂವ ಅಲ್ಲೇನು?" ಎಂದು ಗಹಗಹಿಸಿ ನಕ್ಕ.

ಪಾಟೀಲ ಎರಡೇ ಹೆಜ್ಜೆಗೆ ಗಾಡಿಯ ಮೂಕಿ ಹಿಡಿದ.

"ಹುಚ್ಚ ಅಂತಿಯೇನಲೇ ನಮ್ಮೂರವನ್ನ? ನಾವು ಬೈತೀವಿ, ಹೊಡೀತೀವಿ, ಕಲ್ಲು ಹೊರಸ್ತೀವಿ. ನೀ ನಕ್ಕರ ಹಲ್ಲು ಉದುರಸ್ತೀನಿ. ಹೊಡಿ ಗಾಡಿ!"

ಗಾಡಿ ಹೋಯಿತು. ಪಾಟೀಲ ಹಿಂದಕ್ಕೆ ತಿರುಗಿ, "ಸಾಕು, ಇಳಿಸೋ ಶಿವ್ಯಾ, ಕುತ್ತಿಗಿ ಮುರದೀತು" ಎಂದ.

ಶಿವಪುತ್ರಪ್ಪನವರು ಕೇಳಿಸದವರಂತೆ ಇನ್ನೊಂದು ಸುತ್ತು ನಡೆದರು.