ಪೆನ್ಸಿಲ್ ಎದ್ದಿತು

ಅರವತ್ತೆರಡನೆಯ ಪುಟದ ಮೇಲೆ ವೈನ್ ಲೋಟದ ಗುರುತು, ಕೆಂಪಗೆ, ಸುತ್ತು ಪೂರ್ತಿಯಾಗದೆ ಒಂದು ಕಡೆ ಬಾಯಿ ಬಿಟ್ಟುಕೊಂಡಿದೆ, ಮಂಗಳವಾರದ್ದಿರಬೇಕು, ಅಲ್ಲ, ಮಂಗಳವಾರ ಗಂಡ ತಂದದ್ದು ಬಿಳಿ ವೈನು, ಹಾಗಾದರೆ ಸೋಮವಾರದ್ದು — ಸೋಮವಾರ ಇನ್ನೂ ಅವಳ ಕೋಪವೆಲ್ಲ ತಂಗಿಯ ಮೇಲಿತ್ತು, ಚಿತ್ರವನ್ನಷ್ಟೇ ನೋಡಿ, ಕೆಳಗಿನ ಅಕ್ಷರ ಓದದೆ, ಲೋಟವನ್ನು ಪುಟದ ಮೇಲೇ ಕುಕ್ಕಿದ್ದಳು, ಅದೆಷ್ಟು ಹಗುರವಾದ ಕೋಪ, ಈಗ ನೆನೆದರೆ ಆ ಕೋಪವೇ ವಾಪಸು ಬರಲಿ ಅನ್ನಿಸುತ್ತದೆ. ಜರಡಿಯಿಂದ ಸೇಬಿನ ರಸ ಪಾತ್ರೆಗೆ ತೊಟ್ಟಿಕ್ಕುತ್ತಿದೆ, ಟಪ್, ಆಮೇಲೆ ಸುಮ್ಮನೆ, ಆಮೇಲೆ ಟಪ್. ಹೆಚ್ಚಿದ ಸೇಬಿಗೆ ಸಕ್ಕರೆ ಸವರಿ ಅರ್ಧ ಗಂಟೆ ಜರಡಿಯಲ್ಲಿ ಬಿಡಿ, ಸೇಬು ತನ್ನ ನೀರೆಲ್ಲ ಬಿಟ್ಟುಕೊಟ್ಟ ಮೇಲೆಯೇ ಹಿಟ್ಟಿಗೆ ಸೇರಿಸಿ, ಇಲ್ಲವಾದರೆ ಕೇಕಿನ ಅಡಿ ಹಸಿಯಾಗಿ ಉಳಿಯುತ್ತದೆ — ಹೀಗೆ ಅಚ್ಚಾಗಿದೆ ತಂಗಿಯ ಅಡುಗೆ ಪುಸ್ತಕದಲ್ಲಿ, ಕೆಂಪು ಉಂಗುರದ ಒಳಗೆ. ಹಸಿಯಾಗಿ ಉಳಿಯುತ್ತದೆ. ಇಪ್ಪತ್ತೆರಡು ವರ್ಷ ಉಳಿದಿತ್ತಲ್ಲ, ಅವಳು ಮಾಡಿದ ಪ್ರತಿಯೊಂದು ಸೇಬಿನ ಕೇಕಿನ ಅಡಿ, ಮೇಲೆ ಹೊನ್ನಿನ ಬಣ್ಣ, ಕತ್ತರಿಸಿದರೆ ಒಳಗೆ ಅಂಟು. ಶನಿವಾರ ಮಧ್ಯಾಹ್ನ, ಗಂಡ ಸಂಜೆಯ ಬಾಟಲಿ ತರಲು ಹೋಗಿದ್ದಾನೆ, ಅಡುಗೆಮನೆಯಲ್ಲಿ ಅವಳು, ತೊಟ್ಟಿಕ್ಕುವ ಜರಡಿ, ಎರಡು ಪುಸ್ತಕ, ಒಂದು ಅಚ್ಚಿನದು, ಒಂದು ಅಮ್ಮನ ಕೈಬರಹದ್ದು.

ಒಂದು ವಾರದ ರಜೆ ಹಾಕಿದ್ದೇ ಜಗಳ ಕಾಯುವುದಕ್ಕೆ. ಪುಸ್ತಕದಂಗಡಿಯ ಕಿಟಕಿಯಲ್ಲಿ, ಹೊಸ ಪುಸ್ತಕವೊಂದರ ಹೊದಿಕೆಯ ಮೇಲೆ ತಂಗಿಯ ನಗುಮುಖ ಕಂಡಿತ್ತು, ಕೈಯಲ್ಲಿ ಅಮ್ಮನ ಸೇಬಿನ ಕೇಕು, ನನ್ನ ಅಡುಗೆಮನೆಯಿಂದ ಅಂತ ಹೆಸರು ಬೇರೆ ಇಟ್ಟಿದ್ದಾಳೆ, ಯಾರ ಅಡುಗೆಮನೆ ತಾಯಿ ನಿನ್ನದು? ಅಮ್ಮ ಮನೆಯಲ್ಲೇ ಕೇಕು, ಬ್ರೆಡ್ಡು ಸುಟ್ಟು ಮಾರಿ ಇಬ್ಬರನ್ನೂ ಸಾಕಿದವಳು, ಓಣಿಗೆಲ್ಲ ಕೇಕಿನಮ್ಮ, ಅಂಥವಳ ಹೆಸರು ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ, ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿ ಅಮ್ಮನಿಗೆ ಎಂದಿದೆ, ಅಷ್ಟೇ. ಒಂದು ಪ್ರತಿ ಕಳಿಸ್ತೀನಿ ಅಕ್ಕ, ಅಂದಿದ್ದಳು ತಂಗಿ ನಾಲ್ಕು ತಿಂಗಳ ಹಿಂದೆ, ಕಳಿಸಲಿಲ್ಲ, ಮರೆತಿರಬೇಕು, ದೊಡ್ಡ ಮನುಷ್ಯಳಾದಳಲ್ಲ ಈಗ. ಕಾಸು ಕೊಟ್ಟು ತಾನೇ ಕೊಂಡುತಂದಳು. ಅಮ್ಮನ ಅಸಲಿ ಪುಸ್ತಕ ತನ್ನ ಹತ್ತಿರ ಇದೆ, ಮದುವೆಯ ಹಿಂದಿನ ವಾರ ಅಮ್ಮ ಕೂತು ಬರೆದುಕೊಟ್ಟದ್ದು, ಹದಿನಾಲ್ಕು ಅಡುಗೆ, ಪೆನ್ಸಿಲಿನಲ್ಲಿ. ಅಕ್ಷರ ಮಾಸಿಹೋಗಬಾರದೆಂದು ಹತ್ತು ವರ್ಷದ ಹಿಂದೆ ಅವಳೇ ಒಂದೊಂದು ಅಕ್ಷರದ ಮೇಲೂ ಇಂಕು ಓಡಿಸಿದ್ದಳು, ಕೈ ನಡುಗದ ಹಾಗೆ, ಉಸಿರು ಹಿಡಿದು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ದಿನಕ್ಕೊಂದು ಅಡುಗೆ ಮಾಡುವುದು, ತಂಗಿ ಎಲ್ಲೆಲ್ಲಿ ತಪ್ಪಿದ್ದಾಳೆ ಪಟ್ಟಿ ಮಾಡುವುದು, ಆ ಪಟ್ಟಿಯನ್ನು ಅವಳ ಮುಖಕ್ಕೆ ಹಿಡಿಯುವುದು. ತೂಕ ಅಳತೆ ಇಲಾಖೆಯಲ್ಲಿ ತಪಾಸಣೆಯ ಕೆಲಸ ಅವಳದು, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಎತ್ತಿ ನೋಡುವವಳು, ತೂಕದ ಕಲ್ಲಿನ ಅಡಿ ಕೊರೆದಿದ್ದಾರೋ ಅಂತ ಉಗುರು ಹಾಕಿ ನೋಡುವವಳು, ತಕ್ಕಡಿಯಮ್ಮ ಬಂದರು ಅಂತ ಅಂಗಡಿಯವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಾರೆ, ಅವಳಿಗೆ ಗೊತ್ತು, ಗೊತ್ತಿದ್ದೂ ಒಳಗೊಳಗೆ ಖುಷಿ. ಗಂಡನಿಗೋ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು, ದಿನಾ ಹೊಸ ಅಡುಗೆಯಾ, ಹಾಗಾದ್ರೆ ದಿನಾ ಒಂದು ಬಾಟಲಿ ವೈನ್ ನಂದು, ಊಟ ಆದ್ಮೇಲೆ ಒಂದು ಸಿನಿಮಾ, ಹಳೇದು, ಕಪ್ಪು ಬಿಳುಪಿಂದು, ನಡುವೆ ನಿದ್ದೆ ಬಂದ್ರೆ ಎಬ್ಬಿಸಬಾರ್ದು, ಅಂದ.

ಸೋಮವಾರ ಈರುಳ್ಳಿ ಸೂಪು. ಅಮ್ಮನ ಪುಸ್ತಕದಲ್ಲಿ ಕಾಲು ಗಂಟೆ ಹುರಿ ಎಂದಿದೆ, ತಂಗಿಯದರಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ನೋಡಿದೆಯಾ ಮೊದಲ ದಿನವೇ ಸಿಕ್ಕಿಬಿದ್ದಳು ಎಂದುಕೊಂಡು, ಸಾಕ್ಷಿಗಿರಲಿ ಎಂದು ತಂಗಿಯ ಲೆಕ್ಕದಲ್ಲೇ ಮಾಡಿದಳು, ಈರುಳ್ಳಿ ಕೆಂಪಾಗಿ, ಕಂದಾಗಿ, ಜಾಮಿನ ಹಾಗೆ ಮೆತ್ತಗಾಗಿ — ಒಂದು ಚಮಚ ಬಾಯಿಗಿಟ್ಟು ಚಮಚ ಕೆಳಗಿಟ್ಟಳು. ಎಂಟು ವರ್ಷದವಳಾಗಿದ್ದಾಗಿನ ಜ್ವರ, ಹಾಸಿಗೆಯ ಪಕ್ಕ ಅಮ್ಮ, ಊದಿ ಊದಿ ಕುಡಿಸಿದ್ದು, ಅದೇ ರುಚಿ, ಇಪ್ಪತ್ತೆರಡು ವರ್ಷ ಎಷ್ಟು ಪ್ರಯತ್ನಪಟ್ಟರೂ ಬಾರದ್ದು ಇವತ್ತು ತಾನಾಗಿ ನಾಲಿಗೆಯ ಮೇಲೆ ಬಂದು ಕೂತಿದೆ. ಗಂಡ ಬಟ್ಟಲು ನೆಕ್ಕುವುದೊಂದು ಬಾಕಿ, ನಿನ್ನ ಕೈಗೆ ಏನಾಯ್ತೇ ಇವತ್ತು, ಯಾರದ್ದಾದ್ರೂ ಕೈ ಸಾಲ ತಂದಿದೀಯಾ? ಅವಳೂ ನಕ್ಕಳು. ಮಂಗಳವಾರ ಬ್ರೆಡ್ಡು, ತಂಗಿಯ ಪ್ರಕಾರ ನಾದಿದ ಹಿಟ್ಟನ್ನು ಎರಡು ಸಲ ಉಬ್ಬಲು ಬಿಡಬೇಕು, ಅಮ್ಮನದರಲ್ಲಿ ಒಂದೇ ಸಲ, ಮತ್ತೆ ತಂಗಿಯದೇ ಗೆದ್ದಿತು, ಹತ್ತಿಯಂಥ ಬ್ರೆಡ್ಡು, ಬಿಳಿ ವೈನು, ಸಿನಿಮಾದಲ್ಲಿ ಯಾರೋ ಸಾಯುತ್ತಿರುವಾಗ ಅವಳಿಗೆ ನಗು ಬಂದು, ಏನಾಯ್ತೇ ನಿಂಗೆ ಅಂದ ಗಂಡ, ಏನಿಲ್ಲ, ಏನಿಲ್ಲ ರೀ.

ಕೈಗುಣ ಇಲ್ಲ ಅನ್ನುತ್ತಿದ್ದರು ಅತ್ತೆ. ಬೇಕರಿಯವರ ಮನೆಗೆ ಸೊಸೆಯಾಗಿ ಬಂದವಳು, ಕೇಕಿನಮ್ಮನ ಮಗಳು ಬರುತ್ತಾಳೆಂದು ಅತ್ತೆ ಒಲೆಯ ಪಕ್ಕ ಜಾಗ ಮಾಡಿಟ್ಟು ಕಾದಿದ್ದರು ಪಾಪ, ಬಂದ ಮೂರನೆಯ ದಿನವೇ ಅಮ್ಮನ ಪುಸ್ತಕ ತೆರೆದಿಟ್ಟುಕೊಂಡು ಸೇಬಿನ ಕೇಕು ಮಾಡಿದಳು, ಹಸಿ, ಮತ್ತೆ ಮಾಡಿದಳು, ಹಸಿ, ಒಲೆಯ ಬಿಸಿ ಒಂದೇ ಸಮ ಇಲ್ಲ ಅತ್ತೆ ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಅಂದರು, ಕೆಟ್ಟ ಮನಸ್ಸಿನಿಂದಲ್ಲ, ನಗುತ್ತಲೇ, ಆದರೆ ಕೆಲಸದವರ ಎದುರಿಗೆ. ಆರು ತಿಂಗಳು ನೋಡಿ, ನೀನು ಹೊರಗೆ ತಕ್ಕಡಿ ನೋಡ್ಕೋಮ್ಮ, ಒಳಗಿಂದು ನಿನಗೆ ಬರಲ್ಲ, ಅಂದುಬಿಟ್ಟರು. ಹೊರಗೆ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಬಿಸ್ಕತ್ತು ತೂಗುತ್ತ ತೂಗುತ್ತ ಅವಳಿಗೆ ತಕ್ಕಡಿಯ ಮೇಲೆ ಪ್ರೀತಿ ಹುಟ್ಟಿದ್ದು, ಪರೀಕ್ಷೆ ಕಟ್ಟಿದ್ದು, ಕೆಲಸ ಸಿಕ್ಕಿದ್ದು — ಬದುಕೇ ಆ ಹಸಿ ಅಡಿಯಿಂದ ಒಂದು ತಿರುವು ತೆಗೆದುಕೊಂಡಿತು. ಅತ್ತೆ ಹೋಗಿ ಎಂಟು ವರ್ಷವಾಯಿತು, ಬೇಕರಿ ಮುಚ್ಚಿತು, ಈಗ ಅಲ್ಲಿ ಫೋನ್ ರಿಪೇರಿ ಅಂಗಡಿ. ಕೊನೆಯ ದಿನಗಳಲ್ಲೂ ಅತ್ತೆ ಕೇಳಿದ್ದರು, ನಿಮ್ಮಮ್ಮನ ಕೇಕು ನಿನಗೆ ಯಾಕೆ ಬರ್ಲಿಲ್ಲ ಹೇಳು? ನನ್ನ ಕೈಯೇ ಸರಿ ಇಲ್ಲ ಅತ್ತೆ ಅಂದಿದ್ದಳು, ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳು, ಅಂಗೈ ಹೀಗೆ, ಬೆರಳು ಹೀಗೆ, ಎಲ್ಲರ ಹಾಗೆಯೇ ಇವೆಯಲ್ಲ. ಟಪ್. ಪಾತ್ರೆಯಲ್ಲಿ ರಸ ಒಂದು ಬೆರಳಿನಷ್ಟಾಗಿದೆ, ಇದನ್ನು ಕುದಿಸಿ ಗಟ್ಟಿ ಮಾಡಿ ಕೇಕಿನ ಮೇಲೆ ಸುರಿಯಬೇಕಂತೆ, ಆ ಹೊಳಪು ಬರುತ್ತಿದ್ದದ್ದು ಇದರಿಂದ, ಅಮ್ಮನ ಪುಟದಲ್ಲಿ ಜರಡಿಯೇ ಇಲ್ಲ, ರಸ ಎಲ್ಲಿಂದ ಬರಬೇಕು, ಅವಳು ಬೆಣ್ಣೆ ಸವರಿ ಸವರಿ ಸೋತಿದ್ದಳು.

ಬುಧವಾರದ ಸಿನಿಮಾದಲ್ಲಿ ಖಜಾನೆಯ ಬೀಗದ ಕೈ ಕಳೆದಿತ್ತು, ಎಲ್ಲರೂ ಓಡಾಡುತ್ತಿದ್ದಾರೆ, ಗಂಡ ಮೊದಲ ಹತ್ತು ನಿಮಿಷದಲ್ಲೇ, ಕಾವಲುಗಾರನೇ ಕಳ್ಳ ಅಂದ, ಹೇಗೆ ಗೊತ್ತಾಯ್ತು ರೀ, ಎಲ್ಲರಿಗಿಂತ ಸಮಾಧಾನವಾಗಿ ಇರೋನು ಅವನೊಬ್ಬನೇ ನೋಡು, ಅಂದು ವೈನು ಮುಗಿಸಿ ನಿದ್ದೆ ಹೋದ. ಅವಳಿಗೆ ನಿದ್ದೆ ಬರಲಿಲ್ಲ. ಗುರುವಾರ ಬೆಳಿಗ್ಗೆ ಗಂಡ ಹೊರಗೆ ಹೋದದ್ದೇ ತಡ, ಆಫೀಸಿನ ಕೆಂಪು ಪೆನ್ನು ತೆಗೆದುಕೊಂಡು ಎರಡೂ ಪುಸ್ತಕ ಮೇಜಿನ ಮೇಲಿಟ್ಟು ಕೂತಳು, ಸಾಲಿಗೆ ಸಾಲು, ಸೂಪಿನಲ್ಲಿ ಈರುಳ್ಳಿಯ ಹೊತ್ತು, ಬ್ರೆಡ್ಡಿನಲ್ಲಿ ಎರಡನೆಯ ಉಬ್ಬು, ಕಸ್ಟರ್ಡಿನಲ್ಲಿ ತಂಗಿ ಮೊಟ್ಟೆಯ ಹಳದಿ ಮಾತ್ರ ಎನ್ನುವ ಕಡೆ ಅಮ್ಮನದರಲ್ಲಿ ಇಡೀ ಮೊಟ್ಟೆ, ಕೋಳಿಗೆ ಉಪ್ಪು ಹಿಂದಿನ ದಿನ ಎನ್ನುವ ಕಡೆ ಒಲೆಗಿಡುವ ಮುಂಚೆ, ಮಿಕ್ಕದ್ದೆಲ್ಲ ಅಕ್ಷರಕ್ಕೆ ಅಕ್ಷರ ಒಂದೇ. ಹದಿನಾಲ್ಕು ಅಡುಗೆ. ಒಂದೊಂದರಲ್ಲೂ ಒಂದು ವ್ಯತ್ಯಾಸ, ಎರಡಿಲ್ಲ, ಸೊನ್ನೆಯಿಲ್ಲ, ಒಂದೇ ಒಂದು. ಅಂಗಡಿಯಲ್ಲಿ ಒಂದು ಕಲ್ಲು ತೂಕ ಕಡಿಮೆಯಿದ್ದರೆ ಸವೆದಿದೆ ಅನ್ನಬಹುದು, ಎಲ್ಲ ಕಲ್ಲೂ ಅಳತೆಯಿಟ್ಟ ಹಾಗೆ ಕಡಿಮೆಯಿದ್ದರೆ ಅದು ಸವೆತವಲ್ಲ, ಅದು ಕೈಕೆಲಸ, ಇಷ್ಟು ವರ್ಷ ಎಷ್ಟು ಜನರಿಗೆ ಇದೇ ಮಾತು ಹೇಳಿ ತಕ್ಕಡಿಗೆ ಜಪ್ತಿಯ ಮೊಹರು ಒತ್ತಿ ಬಂದಿಲ್ಲ ಅವಳು. ಕೆಂಪು ಪೆನ್ನು ಕೆಳಗಿಟ್ಟಳು. ಯಾರ ತಪ್ಪು ಹಿಡಿಯಲು ಹೋಗಿದ್ದೆ, ಯಾರದ್ದು ಸಿಕ್ಕಿತು.

ಯಾಕೆಂದರೆ ಗೊತ್ತಿತ್ತು, ಈ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅವಳೇ ನಕ್ಕು ನಲಿದ ಲೆಕ್ಕ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ದರ್ಜಿಯ ಹೆಂಡತಿ ಬರುತ್ತಿದ್ದರು, ನಿಮ್ಮ ಬ್ರೆಡ್ ಹೇಗೆ ಮಾಡೋದು ಸ್ವಲ್ಪ ಬರ್ಕೊಡಿ ಅಕ್ಕ, ಅಯ್ಯೋ ಅದಕ್ಕೇನಂತೆ ಕೂತ್ಕೊಳ್ಳಿ ಅನ್ನುತ್ತಿದ್ದಳು ಅಮ್ಮ, ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ ಬರೆಯುತ್ತ ಹೋಗಿ, ಒಂದು ಕಡೆ ಬಂದಾಗ ಪೆನ್ಸಿಲ್ ಕಾಗದದಿಂದ ಮೇಲಕ್ಕೆ ಎದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು, ಅಮ್ಮನ ಕಣ್ಣು ಕಿಟಕಿಯ ಕಡೆ, ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ, ಆಮೇಲೆ ಇಳಿದು ಬರೆಯುತ್ತಿತ್ತು — ಆ ಬರೆದದ್ದು ಸುಳ್ಳು. ಮೇಜಿನ ಕೆಳಗೆ ಕೂತ ಅಕ್ಕ ತಂಗಿ ಒಬ್ಬರನ್ನೊಬ್ಬರು ಚಿವುಟಿಕೊಂಡು, ಎದ್ದಿತು, ಪೆನ್ಸಿಲ್ ಎದ್ದಿತು, ಬಾಯಿಗೆ ಲಂಗ ತುರುಕಿಕೊಂಡು ನಗು. ಆಮೇಲೆ ಅಮ್ಮ ಹೇಳುತ್ತಿದ್ದಳು, ಇಲ್ಲ ಅನ್ನಬಾರ್ದು, ಪೂರ್ತಿ ಕೊಡಲೂಬಾರ್ದು, ಹೊರಗಿನವರಿಗೆ ಕೊಡೋವಾಗ ಒಂದನ್ನ ಇಟ್ಕೊಂಡು ಕೊಡ್ಬೇಕು, ಇದು ನಮ್ಮ ಅನ್ನ. ಹೊರಗಿನವರಿಗೆ. ಮದುವೆ ಗೊತ್ತಾದಾಗ ದರ್ಜಿಯ ಹೆಂಡತಿಯೇ ಚೇಷ್ಟೆ ಮಾಡಿದ್ದರು, ಮಗಳನ್ನ ಬೇಕರಿಯವರಿಗೆ ಕೊಡ್ತಿದೀರಿ, ಇನ್ನು ಕೇಕಿನಮ್ಮನ ಒಲೆ ಆರಿಹೋಯ್ತು ಬಿಡಿ, ಎಲ್ಲರೂ ನಕ್ಕರು, ಅಮ್ಮ ನಕ್ಕಳೇ, ಇಲ್ಲ, ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಹೆತ್ತವರಿಗೆ ಹೆಗ್ಗಣ ಮುದ್ದಂತೆ, ನಾನು ಹೆಗ್ಗಣಕ್ಕಿಂತಲೂ ಕಡೆಯಾದೆನಾ ಅಮ್ಮ. ಯಾರಿಗೂ ಹೇಳಬೇಡ ಅಂದಿದ್ದರೆ ಬಾಯಿ ಹೊಲಿದುಕೊಂಡಿರುತ್ತಿದ್ದೆನಲ್ಲ, ಅತ್ತೆ ಕಾಲು ಹಿಡಿದರೂ ಹೇಳುತ್ತಿರಲಿಲ್ಲ, ಪುಸ್ತಕವೇ ಕೊಡದಿದ್ದರೂ ಆಗುತ್ತಿತ್ತು, ಕೊಡುವುದಿಲ್ಲ ಅನ್ನುವುದರಲ್ಲಿ ಮೋಸ ಇಲ್ಲ.

ಶುಕ್ರವಾರ ಏನೂ ಮಾಡಲಿಲ್ಲ, ತಲೆನೋವೆಂದಳು, ಗಂಡ ಹೊರಗಿಂದ ಊಟ ತಂದ, ಸಿನಿಮಾ ಹಾಕಲಿಲ್ಲ. ಇವತ್ತು ಮತ್ತೆ ಒಂದು ಆಸೆ, ಮೂರ್ಖತನವೇ ಇರಲಿ: ಅಂಗಡಿಯವರಿಗೂ ಅವಳು ಒಂದು ಅವಕಾಶ ಕೊಡುತ್ತಾಳೆ, ಚೀಲದಿಂದ ಜಪ್ತಿಯ ಮೊಹರು ಹೊರತೆಗೆಯುವ ಮುಂಚೆ, ನೀವೇ ಹೇಳ್ಬಿಡಿ ಅನ್ನುತ್ತಾಳೆ, ಹೇಳಿದವರಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾಳೆ. ಸಕ್ಕರೆ ಅಂಟಿದ ಬೆರಳಲ್ಲೇ ನಂಬರ್ ಒತ್ತಿದಳು, ಅಮ್ಮ ಕೂಡಲೇ ಎತ್ತಿದಳು, ಏನೇ, ಊಟ ಆಯ್ತಾ? ಆಯ್ತಮ್ಮ, ಸೇಬಿನ ಕೇಕ್ ಮಾಡ್ತಾ ಇದೀನಿ. ಯಾಕೆ, ಯಾರು ಬರ್ತಿದಾರೆ? ಯಾರೂ ಇಲ್ಲ, ನಾವಿಬ್ಬರೇ, ಅಮ್ಮ, ಸೇಬು ಹೆಚ್ಚಿ ಆಯ್ತು, ಅದಕ್ಕೆ ಏನಾದ್ರೂ ಮಾಡ್ಬೇಕಾ, ಹಾಗೇ ಹಾಕ್ಬೋದಾ? — ಹೇಳಮ್ಮ, ಬೇಕರಿ ಮುಚ್ಚಿ ಎಂಟು ವರ್ಷ ಆಯ್ತು, ಅತ್ತೆ ಇಲ್ಲ, ಪುಸ್ತಕ ಅಂಗಡಿ ಅಂಗಡಿಯಲ್ಲಿ ಇದೆ, ದಾರಿಹೋಕರಿಗೆಲ್ಲ ಗೊತ್ತಾಗಿದೆ, ಈಗಲಾದರೂ ಹೇಳು, ಮರೆತಿದ್ದೆ ಕಣೇ ಅನ್ನು, ಸುಳ್ಳಾದರೂ ಅನ್ನು, ನಂಬುತ್ತೇನೆ. ಆ ಕಡೆ ಸದ್ದಿಲ್ಲ. ಟಪ್. ಆ ಕಡೆ ಇನ್ನೂ ಸದ್ದಿಲ್ಲ. ಟಪ್. ಹಾಗೇ ಹಾಕ್ಬಿಡು, ಅಂದಳು ಅಮ್ಮ, ಹೆಚ್ಚಿದ ಕೂಡಲೇ, ಅದಕ್ಕೇನು. ಆಮೇಲೆ ಎಷ್ಟು ಮೃದುವಾಗಿ, ಎಷ್ಟು ಅಕ್ಕರೆಯಿಂದ, ಬರ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ ಕಣೇ, ಕೈಗುಣ ಎಲ್ಲರಿಗೂ ಬರಲ್ಲ. ಆಯ್ತಮ್ಮ, ಅಂದಳು. ತಂಗಿ ಪುಸ್ತಕ ಕಳಿಸಿದ್ಲಾ, ಅಂತ ಅಮ್ಮ ಕೇಳಿದಳು. ಇನ್ನೂ ಇಲ್ಲಮ್ಮ. ಕಳಿಸ್ತಾಳೆ ಬಿಡು, ಅಂದಳು ಅಮ್ಮ, ಆ ಧ್ವನಿಯಲ್ಲಿ ಏನು ಸಮಾಧಾನ.

ಎಷ್ಟು ಹೊತ್ತಾಯಿತೋ, ಟಪ್ ಅನ್ನುವುದು ನಿಂತಿದೆ, ಸೇಬು ತನ್ನದನ್ನೆಲ್ಲ ಕೊಟ್ಟು ಮುಗಿಸಿದೆ, ಒಲೆ ಕಾದಿದೆ, ಹಿಟ್ಟು ಕಾದಿದೆ, ಎದ್ದು ಸೇಬನ್ನು ಹಿಟ್ಟಿಗೆ ಹಾಕಬೇಕು, ಇವತ್ತು ಅಡಿ ಹಸಿಯಾಗುವುದಿಲ್ಲ, ಗೊತ್ತು, ಅಮ್ಮನ ಕೇಕು ಇವತ್ತು ಕೊನೆಗೂ ಈ ಮನೆಯಲ್ಲಿ ಹುಟ್ಟುತ್ತದೆ, ಗಂಡ ಬಾಗಿಲಲ್ಲೇ ವಾಸನೆ ಹಿಡಿದು ಓಹೋ ಅನ್ನುತ್ತಾನೆ, ಕೈ ಮಾತ್ರ ಏಳುತ್ತಿಲ್ಲ. ಮದುವೆಗೆ ಮೂರು ದಿನ ಇತ್ತು. ಸಂಜೆ, ಅದೇ ಮೇಜು, ಈ ಸಲ ಅವಳು ಮೇಜಿನ ಕೆಳಗಿಲ್ಲ, ಅಮ್ಮನ ಎದುರಿಗೆ, ಕುರ್ಚಿಯ ಮೇಲೆ, ದರ್ಜಿಯ ಹೆಂಡತಿ ಕೂರುತ್ತಿದ್ದ ಕುರ್ಚಿ, ತಂಗಿ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಹದಿನಾಲ್ಕು ವರ್ಷದವಳು, ಕೊನೆಯದಿದು ಸೇಬಿನ ಕೇಕು ಅಂದಳು ಅಮ್ಮ, ಎಡಗೈ ಚಾಚಿ ಅವಳ ಕೈ ಹಿಡಿದುಕೊಂಡಳು, ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತ, ಬಲಗೈಯಲ್ಲಿ ಬರೆಯುತ್ತ, ಸೇಬನ್ನು ತೆಳ್ಳಗೆ ಹೆಚ್ಚಿ, ಎಂದು ಬರೆದು — ಪೆನ್ಸಿಲ್ ಎದ್ದಿತು. ಅಮ್ಮನ ಕಣ್ಣು ಕಿಟಕಿಯ ಕಡೆ. ಬಾಗಿಲಲ್ಲಿದ್ದ ತಂಗಿ ನೋಡಿದಳು, ನೋಡಿ ಮುಖ ತಿರುಗಿಸಿ ಒಳಗೆ ಓಡಿದಳು, ಪಾಪ ಅಳು ಬಂದಿರಬೇಕು ಅಂದುಕೊಂಡೆನಲ್ಲ, ಅಮ್ಮನಿಗೂ ಅಳು ಬರುತ್ತಿದೆ, ನನ್ನನ್ನು ಬಿಟ್ಟಿರಲಾರದೆ ಕೈ ಓಡುತ್ತಿಲ್ಲ ಅಂದುಕೊಂಡೆನಲ್ಲ, ಆ ಕೈಯ ಮೇಲೆ ಹಣೆಯಿಟ್ಟು ನಾನು ಅತ್ತೆನಲ್ಲ, ಅಳಬೇಡ ಕಣೇ ಅಂದಳು ಅಮ್ಮ, ಹೆಬ್ಬೆರಳು ಸವರುತ್ತಲೇ ಇದೆ, ಪೆನ್ಸಿಲ್ ಇನ್ನೂ ಮೇಲೆಯೇ ಇದೆ, ಕಾಗದದಿಂದ ಎರಡು ಬೆರಳು ಮೇಲೆ, ತುದಿ ಒದ್ದೆ, ಇಳಿಯುತ್ತಿಲ್ಲ, ಎಡಗೈ ಅವಳ ಕೈಯ ಮೇಲೆ, ಬಲಗೈಯಲ್ಲಿ ಪೆನ್ಸಿಲ್, ಕಾಗದದಿಂದ ಎರಡು ಬೆರಳು ಮೇಲೆ, ಎಡಗೈ ಅವಳ ಕೈಯ ಮೇಲೆ